ಎಡ ರೆಕ್ಕೆಯ ತೂತು

ಹೊಳೆಯ ದಂಡೆಯಲ್ಲಿ ಒಂದು ತಗಡಿನ ಶೆಡ್ಡು. ಅದರಲ್ಲಿ ಕಾಳಾಚಾರ್ ಎಂಬ ಹಿರಿಯರು ಇದ್ದರು. ಆಶ್ರಮವಾಗಿದ್ದರೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು. ಇಲ್ಲಿ ಹಾಕಿಕೊಂಡೇ ಹೋಗಬೇಕು, ಏಕೆಂದರೆ ನೆಲದ ತುಂಬ ತಗಡಿನ ಚೂರು.

ಕಾಳಾಚಾರ್ ಮೂವತ್ತೆಂಟು ವರ್ಷ ಒಂದು ವಿಮಾನದ ಕಾರ್ಖಾನೆಯಲ್ಲಿ ರಿವೆಟ್ ಹೊಡೆದವರು. ರಿವೆಟ್ ಎಂದರೆ ತಗಡಿಗೆ ತಗಡನ್ನು ಸೇರಿಸುವ, ಬೆರಳ ತುದಿಯಷ್ಟು ದೊಡ್ಡದೂ ಇಲ್ಲದ ಮೊಳೆ. ಆ ಕಾರ್ಖಾನೆ ಮುಚ್ಚಿ ಬಹಳ ಕಾಲವಾಗಿತ್ತು. ಇವರ ಕೈ ಮಾತ್ರ ಸುಮ್ಮನೆ ಕೂರಲು ಒಪ್ಪಿರಲಿಲ್ಲ. ಕಲಿಯಲು ಬಂದವರಿಗೆ ತಗಡಿನ ಕೆಲಸ ಹೇಳಿಕೊಡುತ್ತಿದ್ದರು, ಹಾಗಾಗಿ ಎಲ್ಲರಿಗೂ ಗುರುಗಳು.

ಒಂದು ಬೆಳಿಗ್ಗೆ ಅವರ ಬಳಿಗೆ ಪದ್ಮರಾಜ ಬಂದ. ಊರಿನ ಹಲ್ಲಿನ ಡಾಕ್ಟರು. ವಯಸ್ಸು ನಲವತ್ತಾರು.

"ಗುರುಗಳೇ, ನಾನೊಂದು ವಿಮಾನ ತರಿಸಿದೀನಿ."

"ಎಲ್ಲಿದೆ?"

"ಪೆಟ್ಟಿಗೇಲಿ."

ತಮಾಷೆಯಲ್ಲ, ನಿಜ. ಹೊರದೇಶದಿಂದ ಹನ್ನೊಂದು ಪೆಟ್ಟಿಗೆ ಬಂದಿದ್ದವು. ಇಬ್ಬರು ಕೂರುವ ಪುಟ್ಟ ವಿಮಾನ, ಬಿಡಿಬಿಡಿಯಾಗಿ. ಮನೆಯಲ್ಲೇ ಜೋಡಿಸಿಕೊಳ್ಳಬೇಕು. ಜೊತೆಗೆ ಹೇಗೆ ಜೋಡಿಸಬೇಕೆಂದು ತಿಳಿಸುವ ಒಂದು ದಪ್ಪ ಪುಸ್ತಕ. ಪದ್ಮರಾಜ ತನ್ನ ಕಾರನ್ನು ಬೀದಿಪಾಲು ಮಾಡಿ, ಕಾರಿನ ಶೆಡ್ಡನ್ನು ವಿಮಾನಕ್ಕೆ ಬಿಟ್ಟುಕೊಟ್ಟಿದ್ದ.

"ಎಷ್ಟು ತೂತು ಕೊರೀಬೇಕು?" ಎಂದು ಕಾಳಾಚಾರ್ ಕೇಳಿದರು.

"ಹನ್ನೆರಡು ಸಾವಿರದ ಹತ್ರ. ತೂತು ಕೊರೆಯೋದು ನನಗೇನು ಹೊಸದಲ್ಲ ಗುರುಗಳೇ."

"ಹಲ್ಲಲ್ಲಿ."

"ಹೌದು, ಹಲ್ಲಲ್ಲಿ."

"ಅಲ್ಲಿ ಹೆಚ್ಚುಕಮ್ಮಿ ಆದ್ರೆ ಏನ್ಮಾಡ್ತೀರಿ?"

"ತುಂಬ್ತೀನಿ."

ಕಾಳಾಚಾರ್ ಎರಡು ತುಂಡು ತಗಡು ಕೊಟ್ಟು, ನೇರವಾಗಿ ಒಂದು ಸಾಲು ರಿವೆಟ್ ಹೊಡೆದು ಸೇರಿಸಿ ಎಂದರು.

ಪದ್ಮರಾಜ ಮಧ್ಯಾಹ್ನದ ಹೊತ್ತಿಗೆ ಮುಗಿಸಿ ತಂದ. ಕಾಳಾಚಾರ್ ಸಾಲಿನ ಮೇಲೆ ಹೆಬ್ಬೆರಳು ಆಡಿಸಿದರು.

"ಚೆನ್ನಾಗಿದೆ. ಒಂದೂ ತಪ್ಪಿಲ್ಲ."

ಡಾಕ್ಟರ ಮುಖ ಅರಳಿತು.

"ಈಗ ಎಲ್ಲಾನೂ ಬಿಚ್ಚಿ."

"ತಪ್ಪೇ ಇಲ್ಲ ಅಂದ್ರಲ್ಲ ಗುರುಗಳೇ?"

"ಅದಕ್ಕೇ ಈಗ ಬಿಚ್ಚಿ. ತಪ್ಪಾದ ದಿನ ಬಿಚ್ಚೋದು ಕಲಿಯೋಕೆ ಹೋದ್ರೆ ಕೈ ನಡುಗ್ತದೆ."

ಹೊಡೆದ ರಿವೆಟ್ಟನ್ನು ಬಿಚ್ಚುವುದು ಹೊಡೆಯುವುದಕ್ಕಿಂತ ಕಷ್ಟ. ತಲೆಯ ನಟ್ಟನಡುವೆ ಗುರುತು ಕುಟ್ಟಬೇಕು. ತಲೆಯನ್ನು ಮಾತ್ರ ಕೊರೆದು ಕಿತ್ತು, ಉಳಿದದ್ದನ್ನು ಹಿಂದಿನಿಂದ ಆನಿಸಿಕೊಂಡು ಮೆಲ್ಲಗೆ ತಟ್ಟಿ ಬೀಳಿಸಬೇಕು. ಒಂದು ಕೂದಲು ಆಳಕ್ಕೆ ಹೋದರೂ ತಗಡಿನ ತೂತೇ ಹಾಳು.

"ತಲೆ ಮಾತ್ರ," ಎನ್ನುತ್ತಿದ್ದರು ಕಾಳಾಚಾರ್. "ಮೇಲೆ ಏನಾಯ್ತು ಅಂತ ಕೆಳಗಿನ ತಗಡಿಗೆ ಗೊತ್ತೇ ಆಗ್ಬಾರ್ದು."

ಪದ್ಮರಾಜ ಒಂದು ವಾರ ಹೊಡೆದ, ಎರಡು ವಾರ ಬಿಚ್ಚಿದ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಹಲ್ಲು ತೋರಿಸಲು ಬಂದವರು ಬಾಯಿ ತೆರೆದುಕೊಂಡೇ ಅವನ ಕೈ ನೋಡಿ ಗಾಬರಿಯಾಗುತ್ತಿದ್ದರು. ಆದರೂ ಮೂರನೆಯ ವಾರದ ಕೊನೆಗೆ ಅವನು ಒಂದೂ ತೂತು ಕೆಡಿಸದೆ ಒಂದು ಸಾಲು ಬಿಚ್ಚಿದ. ಅವತ್ತು ಕಾಳಾಚಾರ್ ತಾವೇ ಕಾಫಿ ಮಾಡಿಕೊಟ್ಟರು.

"ಇನ್ನು ಪೆಟ್ಟಿಗೆ ತೆಗೀಬಹುದು," ಎಂದರು.

*

ರಿವೆಟ್ ಹೊಡೆಯಲು ಇಬ್ಬರು ಬೇಕು. ಒಬ್ಬರು ಹೊರಗಿನಿಂದ ಹೊಡೆದರೆ, ಇನ್ನೊಬ್ಬರು ಒಳಗಿನಿಂದ ಕಬ್ಬಿಣದ ಗಟ್ಟಿಯೊಂದನ್ನು ಆನಿಸಿ ಹಿಡಿಯಬೇಕು. ಆ ಗಟ್ಟಿ ಹಿಡಿದವಳು ಪದ್ಮರಾಜನ ಹೆಂಡತಿ ತ್ರಿಶಲಾ. ಆಕೆ ಮಕ್ಕಳಿಗೆ ಸಂಗೀತ ಹೇಳಿಕೊಡುವವಳು. ರಿವೆಟ್ ಸರಿಯಾಗಿ ಕೂತಿತೋ ಇಲ್ಲವೋ ಎಂದು ಕಣ್ಣಿಗಿಂತ ಮೊದಲು ಅವಳ ಕಿವಿಗೆ ತಿಳಿಯುತ್ತಿತ್ತು.

"ರೀ, ಇದು ಕೂತಿಲ್ಲ. ಶ್ರುತಿ ಬೇರೆ."

ನೋಡಿದರೆ ನಿಜವಾಗಿಯೂ ಕೂತಿರುತ್ತಿರಲಿಲ್ಲ.

ಭಾನುವಾರಗಳಲ್ಲಿ ಪದ್ಮರಾಜ ಗುರುಗಳನ್ನು ಕಾರಿನಲ್ಲಿ ಕರೆದುಕೊಂಡು ಬರುತ್ತಿದ್ದ. ಹೀಗೆ ಒಂದು ಭಾನುವಾರ ಅವರು ಬಂದಾಗ ವಿಮಾನದ ಬಾಲ ಸಿದ್ಧವಾಗಿತ್ತು. ಅವರು ಬಾಲದ ಹಿಂದೆ ಬಹಳ ಹೊತ್ತು ನಿಂತರು.

"ಡಾಕ್ಟ್ರೇ, ಎಡಗಡೆ ಬ್ರಾಕೆಟ್ ಯಾವುದು?"

ಪದ್ಮರಾಜ ತೋರಿಸಿದ.

"ಅದು ಬಲಗಡೆ."

ಪದ್ಮರಾಜ ಪುಸ್ತಕ ನೋಡಿದ, ಬಾಲ ನೋಡಿದ, ತನ್ನ ಎರಡೂ ಕೈ ನೋಡಿಕೊಂಡ. ಆಮೇಲೆ ಕುರ್ಚಿಯ ಮೇಲೆ ಕುಸಿದ.

ತಪ್ಪು ಎಲ್ಲಿಂದ ಬಂತು ಎಂದು ಅವನಿಗೆ ಗೊತ್ತಾಗಿತ್ತು. ಹಲ್ಲಿನ ಡಾಕ್ಟರಿಗೆ ರೋಗಿ ಯಾವಾಗಲೂ ಎದುರಿಗಿರುತ್ತಾನೆ. ರೋಗಿಯ ಎಡದವಡೆ ಡಾಕ್ಟರ ಬಲಗೈ ಕಡೆಗೆ. ಇಪ್ಪತ್ತು ವರ್ಷ ಹಾಗೆಯೇ ಬರೆದು ಬರೆದು, ಈಗ ವಿಮಾನದ ಹಿಂದೆ ನಿಂತಾಗಲೂ ತನ್ನ ಬಲಗಡೆಯನ್ನೇ ಎಡ ಎಂದು ಓದಿಕೊಂಡುಬಿಟ್ಟಿದ್ದ.

ಕಾಳಾಚಾರ್ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇದು ಬಾಯಿ ತೆರ್ಕೊಂಡು ನಿಮ್ಮ ಎದುರಿಗೆ ಕೂತಿಲ್ಲ ಡಾಕ್ಟ್ರೇ. ನೀವೂ ಅದೂ ಒಂದೇ ಕಡೆ ನೋಡ್ತಾ ಇದ್ದೀರಿ."

"ಈಗೇನು ಮಾಡಲಿ ಗುರುಗಳೇ?"

"ನಲವತ್ತೆಂಟು ರಿವೆಟ್ಟು. ತಲೆ ಮಾತ್ರ."

ಬಿಚ್ಚುವಾಗ ಒಂದು ಬ್ರಾಕೆಟ್ಟು ಹಾಳಾಯಿತು. ಪದ್ಮರಾಜ ಅದನ್ನು ಕಸದ ಬುಟ್ಟಿಗೆ ಎಸೆದ. ಕಾಳಾಚಾರ್ ಬಗ್ಗಿ ಅದನ್ನು ಎತ್ತಿಕೊಂಡು, ಪಂಚೆಯ ತುದಿಯಿಂದ ಒರೆಸಿ, ಅವನ ಕೈಗೇ ವಾಪಸು ಕೊಟ್ಟರು.

"ಇಟ್ಕೊಂಡಿರಿ. ಕೆಲಸ ಇದೆ."

*

ಈಗ ಎಡ ರೆಕ್ಕೆಯ ವಿಷಯ.

ರೆಕ್ಕೆಯ ಉದ್ದಕ್ಕೂ ಒಳಗೊಂದು ತೊಲೆ ಇರುತ್ತದೆ. ಇಡೀ ವಿಮಾನದ ಭಾರ ಗಾಳಿಯಲ್ಲಿ ಅದರ ಮೇಲೆಯೇ. ಕಾಳಾಚಾರ್ ಒಂದು ನಿಯಮ ಹಾಕಿದ್ದರು: ತೊಲೆಗೆ ತೂತು ಕೊರೆಯುವಾಗ ಇಬ್ಬರಿರಬೇಕು, ಒಬ್ಬರು ಕೊರೆಯಲು, ಇನ್ನೊಬ್ಬರು ಸುಮ್ಮನೆ ನೋಡುತ್ತಿರಲು.

"ನೋಡೋರು ಏನ್ಮಾಡ್ಬೇಕು?" ಎಂದು ಪದ್ಮರಾಜ ಕೇಳಿದ್ದ.

"ಏನೂ ಮಾಡ್ಬಾರ್ದು. ಇದ್ರೆ ಸಾಕು."

ಬಲ ರೆಕ್ಕೆಯ ತೊಲೆಯನ್ನು ಗಂಡ ಹೆಂಡತಿ ಹಾಗೆಯೇ ಕೊರೆದರು. ಎಡ ರೆಕ್ಕೆಯ ದಿನ ತ್ರಿಶಲಾ ಪಾಠಕ್ಕೆ ಹೋಗಿದ್ದಳು. ಕ್ಲಿನಿಕ್ಕಿಗೆ ರಜೆ. ಪದ್ಮರಾಜನಿಗೆ ಕೈ ಕಡಿಯುತ್ತಿತ್ತು. ಒಬ್ಬನೇ ಶುರು ಮಾಡಿದ.

ಒಳತುದಿಯಿಂದ ಮೂರನೆಯ ತೂತಿನಲ್ಲಿ ಡ್ರಿಲ್ ಜಾರಿತು. ಅರ್ಧ ಅಕ್ಕಿಕಾಳಿನಷ್ಟು ಪಕ್ಕಕ್ಕೆ ಹೋಯಿತು. ಅದನ್ನು ಸರಿಮಾಡಲು ಪಕ್ಕದಲ್ಲೇ ಇನ್ನೊಂದು ಕೊರೆದ. ಎರಡು ತೂತೂ ಒಂದಕ್ಕೊಂದು ಅಂಟಿಕೊಂಡವು.

ಇಲ್ಲಿ ಅವನು ನಿಲ್ಲಬೇಕಿತ್ತು. ಗುರುಗಳಿಗೆ ಫೋನ್ ಮಾಡಬೇಕಿತ್ತು. ಅವನು ಮಾಡಿದ್ದು, ಇಪ್ಪತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಮಾಡುತ್ತಿದ್ದ ಕೆಲಸ. ಗಟ್ಟಿ ಅಂಟನ್ನು ಕಲಸಿದ. ತೂತು ತುಂಬಿದ. ಒಣಗಿದ ಮೇಲೆ ಉಜ್ಜಿ ನಯ ಮಾಡಿದ. ಸರಿಯಾದ ಜಾಗದಲ್ಲಿ ಮತ್ತೆ ಕೊರೆದ. ಮೇಲೊಂದು ಕೈ ಬಣ್ಣ ಬಳಿದ. ಅಂಥ ಅಚ್ಚುಕಟ್ಟಾದ ಫಿಲ್ಲಿಂಗನ್ನು ಅವನು ಯಾವ ಹಲ್ಲಿಗೂ ಮಾಡಿರಲಿಲ್ಲ. ತಿಂಗಳಾದ ಮೇಲೆ ಅದರ ಮೇಲೆ ರೆಕ್ಕೆಯ ಹೊದಿಕೆಯೂ ಕೂತಿತು. ತ್ರಿಶಲಾ ಗಟ್ಟಿ ಹಿಡಿದಳು, ಶ್ರುತಿ ಸರಿ ಇದೆ ಎಂದಳು.

ಗುರುಗಳು ಬಂದು ನೋಡಿದರು. ಹೊರಗಿನಿಂದ ಏನು ಕಂಡೀತು?

"ಚೆನ್ನಾಗಿದೆ," ಎಂದರು.

ಪದ್ಮರಾಜ ತಲೆಯಾಡಿಸಿದ. ಆ ಮಾತಿಗೆ ಅವನ ಮುಖ ಅರಳಲಿಲ್ಲ.

*

ಆಯುಧಪೂಜೆ ಬಂತು. ಕಾಳಾಚಾರ್ ಹೇಳಿಕಳಿಸಿದರು: "ನೀವು ಇದುವರೆಗೆ ಕೆಡಿಸಿದ ಸಾಮಾನೆಲ್ಲ ತನ್ನಿ."

ಪದ್ಮರಾಜ ಒಂದು ಚೀಲ ಹಿಡಿದು ಶೆಡ್ಡಿಗೆ ಹೋದ. ಗುರುಗಳ ಡ್ರಿಲ್ಲು, ಸುತ್ತಿಗೆ, ಕತ್ತರಿಗಳೆಲ್ಲ ಎಂದಿನಂತೆ ಗೋಡೆಯ ಮೇಲೆಯೇ ಇದ್ದವು. ನೆಲದ ಮೇಲೆ ಬಾಳೆಲೆ ಹಾಸಿ, ಅದರ ಮೇಲೆ ಸೊಟ್ಟ ತಗಡು, ಸೀಳಿದ ಪಟ್ಟಿ, ತೂತು ತಪ್ಪಿದ ತುಂಡುಗಳನ್ನು ಸಾಲಾಗಿ ಇಟ್ಟಿದ್ದರು. ಎಲ್ಲಕ್ಕೂ ಅರಿಶಿನ, ಕುಂಕುಮ, ಒಂದೊಂದು ಸೇವಂತಿಗೆ.

"ಇದೇನು ಗುರುಗಳೇ, ಹತ್ಯಾರಕ್ಕೆ ಪೂಜೆ ಇಲ್ವಾ?"

"ಹತ್ಯಾರ ನಾವು ಹೇಳಿದ್ದನ್ನ ಮಾಡಿದ್ವು, ಅಷ್ಟೇ. ಇವು ನೋಡಿ, ನಾವು ಮಾಡಿದ್ದನ್ನ ನಮಗೇ ಹೇಳಿದ್ವು. ಮೇಲೆ ಹೋದ್ಮೇಲೆ ಕೈ ಕೊಡಬಹುದಾಗಿತ್ತು. ನೆಲದ ಮೇಲೇ ಕೈ ಕೊಟ್ವು. ಇದಕ್ಕಿಂತ ಉಪಕಾರ ಯಾರು ಮಾಡ್ತಾರೆ?"

ಪದ್ಮರಾಜ ಚೀಲ ಬಿಚ್ಚಿದ. ಬಾಲದ ಬ್ರಾಕೆಟ್ಟು. ಒಂದು ಬಾಗಿದ ಪಟ್ಟಿ. ಅಳತೆ ತಪ್ಪಿ ಕತ್ತರಿಸಿದ ಎರಡು ತುಂಡು. ಕಾಳಾಚಾರ್ ಒಂದೊಂದಕ್ಕೂ ಕುಂಕುಮ ಹಚ್ಚಿ, ಕಣ್ಣಿಗೊತ್ತಿಕೊಂಡು ಸಾಲಿನಲ್ಲಿಟ್ಟರು.

"ಇಷ್ಟೇನಾ?"

ಪದ್ಮರಾಜ ಖಾಲಿ ಚೀಲ ಮಡಿಸಿದ. "ಇಷ್ಟೇ."

ಕಾಳಾಚಾರ್ ಒಂದು ಚಿಟಿಕೆ ಕುಂಕುಮವನ್ನು ಕಾಗದದಲ್ಲಿ ಮಡಿಸಿ ಅವನ ಕೈಗಿಟ್ಟರು. "ಮನೇಲಿ ಇನ್ನೇನಾದ್ರೂ ಸಿಕ್ರೆ ಹಚ್ಚಿ."

ಮಂಗಳಾರತಿ ಆಯಿತು. ಕಡಲೆಪುರಿ ತಿನ್ನುತ್ತಾ ಹೊಳೆಯ ಕಡೆ ಕೂತಿದ್ದಾಗ, ಎಪ್ಪತ್ತೊಂಬತ್ತು ವರ್ಷದ ಆ ಮನುಷ್ಯರು ನಾಚಿಕೊಂಡು ಕೇಳಿದರು.

"ಡಾಕ್ಟ್ರೇ, ಎಲ್ಲಾ ಆದ್ಮೇಲೆ ನನ್ನನ್ನೂ ಒಂದ್ಸಲ ಮೇಲೆ ಕರ್ಕೊಂಡು ಹೋಗ್ತೀರಾ?"

"ಒಂದ್ಸಲ? ಕಾರ್ಖಾನೇಲಿದ್ದಾಗ ಎಷ್ಟು ಸಲ ಹೋಗಿದ್ರೋ ಏನೋ!"

"ಒಂದ್ಸಲಾನೂ ಹೋಗಿಲ್ಲ. ವರ್ಷಕ್ಕೊಂದ್ಸಲ ಕೆಲಸದವರನ್ನ ಕೂರಿಸ್ಕೊಂಡು ಸುತ್ತು ಹಾಕಿಸ್ತಿದ್ರು. ನನ್ನ ಸರದಿ ಬಂದಾಗೆಲ್ಲ ಕಿವಿನೋವು ಅಂತ ಬೇರೆಯವರನ್ನ ಕಳಿಸ್ತಿದ್ದೆ."

"ಈಗ ಕಿವಿನೋವು?"

"ವಯಸ್ಸಾಯ್ತಲ್ಲ," ಎಂದು ಕಾಳಾಚಾರ್ ನಕ್ಕರು. "ನಿಮ್ಮ ವಿಮಾನ ಅಂದ್ರೆ ಧೈರ್ಯ."

ಬೇರೆ ಯಾವ ದಿನವಾಗಿದ್ದರೂ ಪದ್ಮರಾಜ ಆ ಮಾತಿಗೆ ಕುಣಿದಾಡುತ್ತಿದ್ದ. ಎರಡು ವರ್ಷದಿಂದ ಈ ಮನುಷ್ಯರು ಒಂದು ಲೋಟ ಕಾಫಿ ಬಿಟ್ಟು ಅವನಿಂದ ಏನನ್ನೂ ತೆಗೆದುಕೊಂಡಿರಲಿಲ್ಲ. ಕೊಡಲು ಕೊನೆಗೂ ಒಂದು ಸಿಕ್ಕಿತ್ತು. ಆದರೆ ಅದನ್ನು ಕೊಡಬೇಕಾದದ್ದು ಆ ಎಡ ರೆಕ್ಕೆಯನ್ನು ನಂಬಿಕೊಂಡು.

"ಆಗ್ಲಿ ಗುರುಗಳೇ," ಎಂದ. ಕೈಯಲ್ಲಿದ್ದ ಕಡಲೆಪುರಿಯನ್ನು ಹೊಳೆಯ ಮೀನಿಗೆ ಎಸೆದ.

*

ಕುಂಕುಮದ ಪೊಟ್ಟಣ ಕ್ಲಿನಿಕ್ಕಿನ ಡ್ರಾಯರಿನಲ್ಲಿ, ಹಲ್ಲು ತುಂಬುವ ಸಾಮಾನಿನ ಪಕ್ಕದಲ್ಲೇ ಇತ್ತು. ಡ್ರಾಯರು ಎಳೆದಾಗಲೆಲ್ಲ ಕಾಣುತ್ತಿತ್ತು. ಒಂದು ತಿಂಗಳು ಹೀಗೇ ಕಳೆಯಿತು. ಅವನು ಲೆಕ್ಕ ಹಾಕಿ ನೋಡಿದ. ಒಂದು ತೂತು ತಾನೇ, ಸಾವಿರಾರು ರಿವೆಟ್ಟಿವೆ, ಏನೂ ಆಗಲಿಕ್ಕಿಲ್ಲ. ನಿಜವಾಗಿಯೂ ಏನೂ ಆಗದೆ ಇರಬಹುದಿತ್ತು. ಹೇಳಿದರೆ ರೆಕ್ಕೆ ಬಿಚ್ಚಬೇಕು, ಹೊಸ ತೊಲೆ ತರಿಸಬೇಕು. ಅಷ್ಟರಲ್ಲಿ ಗುರುಗಳು ಇರುತ್ತಾರೋ ಇಲ್ಲವೋ. ಹೇಳದಿದ್ದರೆ ಯುಗಾದಿಯ ಹೊತ್ತಿಗೆ ಅವರ ಆಸೆ ತೀರುತ್ತದೆ.

ತ್ರಿಶಲಾ ಒಂದು ದಿನ ಊಟಕ್ಕೆ ಬಡಿಸುತ್ತಾ ಕೇಳಿದಳು.

"ರೀ, ಬಲಗಡೆ ತೊಲೆಗೆ ಬಣ್ಣ ಬಳಿಯೋಕೆ ನಾಲ್ಕು ದಿನ ತಗೊಂಡ್ರಿ. ಎಡಗಡೆದಕ್ಕೆ ನಾನು ಪಾಠ ಮುಗಿಸ್ಕೊಂಡು ಬರೋಷ್ಟ್ರಲ್ಲಿ ಬಳಿದಾಗಿತ್ತು. ಯಾಕೆ?"

ಅವನು ಸಾರಿಲ್ಲದ ಅನ್ನವನ್ನೇ ಕಲಸುತ್ತಿದ್ದ. ಅವಳು ಇನ್ನೊಂದು ಸಲ ಕೇಳಲಿಲ್ಲ. ಸಾರು ಬಡಿಸಿದಳು.

ಮರುದಿನ ಬೆಳಿಗ್ಗೆ ಅವನು ಹೊಳೆಗೆ ಹೋದ.

ಕಾಳಾಚಾರ್ ಮೆಟ್ಟಿಲ ಮೇಲೆ ಕೂತು ತಮ್ಮ ಬನಿಯನ್ ಒಗೆಯುತ್ತಿದ್ದರು. ಪದ್ಮರಾಜ ಚಪ್ಪಲಿ ಬಿಟ್ಟು ನೀರಿನಲ್ಲಿ ನಿಂತ. ಪ್ಯಾಂಟು ಮೊಣಕಾಲವರೆಗೆ ಒದ್ದೆಯಾದದ್ದು ಅವನಿಗೆ ತಿಳಿಯಲಿಲ್ಲ.

"ಗುರುಗಳೇ, ಎಡ ರೆಕ್ಕೆ ತೊಲೇಲಿ ಒಂದು ತೂತು ಕೆಡಿಸಿದೀನಿ. ಅಂಟು ತುಂಬಿ ಬಣ್ಣ ಬಳಿದು ಮುಚ್ಚಿದೀನಿ. ಪೂಜೆ ದಿನ ನಿಮ್ಮ ಹತ್ರ ಸುಳ್ಳು ಹೇಳಿದೆ."

ಕಾಳಾಚಾರ್ ಬನಿಯನ್ ಹಿಂಡಿದರು.

"ಎಷ್ಟನೇ ತೂತು?"

"ಒಳಗಿಂದ ಮೂರನೇದು."

"ನೋಡೋಕೆ ಯಾರಿದ್ರು?"

"ಯಾರೂ ಇರ್ಲಿಲ್ಲ."

ಗುರುಗಳು ಬನಿಯನ್ನನ್ನು ಕಲ್ಲಿನ ಮೇಲೆ ಹರವಿದರು. ಎದ್ದು ನಿಂತರು. ಬಯ್ಯುತ್ತಾರೆ ಎಂದು ಪದ್ಮರಾಜ ತಲೆ ತಗ್ಗಿಸಿದ. ತಗ್ಗಿಸಿದ ಕಣ್ಣಿಗೆ ಕಂಡದ್ದು, ನೀರಿಗಿಳಿದು ತನ್ನ ಪಾದ ಮುಟ್ಟುತ್ತಿರುವ ಅವರ ಕೈ.

ಅವನು ಬೆಂಕಿ ತುಳಿದವನಂತೆ ಹಿಂದಕ್ಕೆ ಸರಿದ. "ಗುರುಗಳೇ! ಏನಿದು! ನನಗೆ ಪಾಪ ಬರ್ತದೆ!"

"ಸುಮ್ನಿರಿ ಡಾಕ್ಟ್ರೇ. ಕಿವಿನೋವು ಅಂದೆನಲ್ಲ, ಅದು ಸುಳ್ಳು."

ಅವರು ಮತ್ತೆ ಮೆಟ್ಟಿಲ ಮೇಲೆ ಕೂತರು. ಉಸಿರು ಸರಿಮಾಡಿಕೊಂಡರು.

"ಆಗ ನನಗೆ ಇಪ್ಪತ್ತೇಳು. ಒಂದು ಬಾಲದ ತುಂಡಲ್ಲಿ ತೂತು ಕೆಡಿಸಿದೆ. ದೊಡ್ಡ ತಲೆ ರಿವೆಟ್ ಹೊಡೆದು ಮುಚ್ಚಿದೆ. ನೋಡೋಕೆ ಬಂದವರು ಠಸ್ಸೆ ಒತ್ತಿ ಹೋದ್ರು. ಸಂಜೆ ಹೇಳೋಣ ಅಂದ್ಕೊಂಡೆ. ಸಂಜೆ ಆಯ್ತು. ಬೆಳಿಗ್ಗೆ ಹೇಳೋಣ ಅಂದ್ಕೊಂಡೆ. ಬೆಳಿಗ್ಗೆ ಬಂದ್ರೆ ಆ ವಿಮಾನ ಗೇಟು ದಾಟಿ ಹೋಗಿತ್ತು."

"ಅದು... ಬಿತ್ತಾ?"

"ಗೊತ್ತಿಲ್ಲ. ಬಿತ್ತು ಅಂತ ಸುದ್ದಿ ಬರ್ಲಿಲ್ಲ. ಬೀಳ್ಲಿಲ್ಲ ಅಂತಾನೂ ಯಾರೂ ಬಂದು ಹೇಳ್ಲಿಲ್ಲ. ಅದರ ನಂಬರು ಕೂಡ ನಾನು ಬರೆದಿಟ್ಕೊಂಡಿರ್ಲಿಲ್ಲ. ಆಮೇಲೆ ಯಾವ ವಿಮಾನ ನೋಡಿದ್ರೂ ಇದರಲ್ಲೇ ಇದೆಯೇನೋ ಅನ್ನಿಸೋದು. ಹತ್ತೋದು ಹೇಗೆ?"

ಪದ್ಮರಾಜ ಅವರ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತ.

"ಐವತ್ತೆರಡು ವರ್ಷ ಆಯ್ತು," ಎಂದರು ಕಾಳಾಚಾರ್. "ನಿಮ್ಮದು ಇನ್ನೂ ಶೆಡ್ಡಲ್ಲೇ ಇದೆ ಡಾಕ್ಟ್ರೇ. ಎಂಥಾ ಪುಣ್ಯ!"

"ನಿಮಗೆ ನನ್ನ ವಿಷಯ ಮೊದಲೇ ಗೊತ್ತಿತ್ತಾ? ಕುಂಕುಮ ಕೊಟ್ರಲ್ಲ."

"ಇಲ್ಲಪ್ಪ. ನನ್ನ ಹತ್ರಾನೂ ಮುಚ್ಚಿಟ್ಟಿದ್ದು ಒಂದಿದೆ. ಅದಕ್ಕೇ ಕಲಿಯೋಕೆ ಬಂದವರಿಗೆಲ್ಲ ಒಂದು ಪೊಟ್ಟಣ ಕೊಡ್ತೀನಿ."

*

ಅದೇ ದಿನ ಅವರು ಡ್ರಿಲ್ಲು ಎತ್ತಿಕೊಂಡು ಪದ್ಮರಾಜನ ಶೆಡ್ಡಿಗೆ ಬಂದರು.

"ಗುರುಗಳೇ, ಮುನ್ನೂರ ನಲವತ್ತು ರಿವೆಟ್ಟಿವೆ. ಹೊಸ ತೊಲೆ ಬರೋಕೆ ಏಳೆಂಟು ತಿಂಗಳು. ನಿಮ್ಮ ವಯಸ್ಸು..."

"ನನ್ನ ವಯಸ್ಸು ನಾನು ನೋಡ್ಕೋತೀನಿ. ನೀವು ತಲೆ ನೋಡ್ಕೊಂಡು ಕೊರೀರಿ."

ಐದು ದಿನ ಹಿಡಿಯಿತು. ತ್ರಿಶಲಾ ಬಿಚ್ಚಿದ ರಿವೆಟ್ಟುಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಆರನೆಯ ದಿನ ಹೊದಿಕೆ ಎದ್ದಿತು. ಒಳಗಿನಿಂದ ಮೂರನೆಯ ತೂತಿನ ಪಕ್ಕ ತುಂಬಿದ್ದ ಅಂಟು ಯಾರಿಗೂ ಕಾಣದಷ್ಟು ನುಣ್ಣಗಿತ್ತು.

ಕಾಳಾಚಾರ್ ಕನ್ನಡಕ ಏರಿಸಿ ನೋಡಿದರು. "ಫಿಲ್ಲಿಂಗ್ ಮಾತ್ರ ಭೇಷಾಗಿ ಮಾಡಿದ್ದೀರಿ."

ಒಂದು ಸಣ್ಣ ಉಳಿ ಇಟ್ಟು ತಟ್ಟಿದರು. ಅಂಟು ಒಂದೇ ತುಂಡಾಗಿ ಕಿತ್ತು ಅಂಗೈಗೆ ಬಿತ್ತು.

"ನೋಡಿ, ಇದು ಏನನ್ನೂ ಹಿಡ್ಕೊಂಡಿರ್ಲಿಲ್ಲ. ತೂತು ನಮ್ಮ ಕಣ್ಣಿಗೆ ಕಾಣದ ಹಾಗೆ ಮಾತ್ರ ಮಾಡಿತ್ತು."

ಪದ್ಮರಾಜ ಕ್ಲಿನಿಕ್ಕಿಗೆ ಹೋಗಿ ಪೊಟ್ಟಣ ತಂದ. ಕೆಟ್ಟ ತೊಲೆಗೆ ಕುಂಕುಮ ಹಚ್ಚಿದ. ಹಚ್ಚುವಾಗ ಅವನಿಗೆ ಅಳು ಬಂತು. ನಾಚಿಕೆಯ ಅಳುವಲ್ಲ. ಈ ತೊಲೆ, ಈ ಹೆಂಡತಿ, ಈ ಗುರು, ಮೂವರೂ ಸೇರಿ ತನ್ನನ್ನು ಯಾವುದರಿಂದ ಕಾಪಾಡಿದರು ಎಂದು ಅವನಿಗೆ ಆಗ ಪೂರ್ತಿಯಾಗಿ ಅರ್ಥವಾಗಿತ್ತು.

"ಥ್ಯಾಂಕ್ಸು ಹೇಗೆ ಹೇಳೋದು ಗುರುಗಳೇ?"

"ಕುಂಕುಮ ಹಚ್ಚಾಯ್ತಲ್ಲ. ಕಾಫಿ ಮಾಡಿಸಿ."

ಆದರೆ ಆಷಾಢದಲ್ಲಿ ಕಾಳಾಚಾರ್ ಜ್ವರ ಹಿಡಿದು ಮಲಗಿದರು. ಹದಿನೈದು ದಿನ ಬಿಡಲಿಲ್ಲ. ಕೈಕಾಲು ಕಡ್ಡಿಯಾದವು. ತೊಲೆ ಇನ್ನೂ ಹಡಗಿನಲ್ಲಿತ್ತು. ಪದ್ಮರಾಜ ದಿನಾ ಬೆಳಿಗ್ಗೆ ಗಂಜಿ ತಂದು ಪಕ್ಕದಲ್ಲಿ ಕೂರುತ್ತಿದ್ದ. ಒಂದು ದಿನ ತಡೆಯಲಾರದೆ ಹೇಳಿಬಿಟ್ಟ.

"ನಾನು ಸುಮ್ಮನಿದ್ದಿದ್ರೆ ಇಷ್ಟು ಹೊತ್ತಿಗೆ ನೀವು ಹಾರಿ ಬಂದಿರ್ತಿದ್ರಿ."

ಕಾಳಾಚಾರ್ ಕಣ್ಣು ತೆರೆದರು.

"ಬಂದಿರ್ತಿದ್ದೆ. ಇಲ್ಲಿ ಗಂಜಿ ಕುಡಿಸೋಕೆ ನೀವು ಬರ್ತಿರ್ಲಿಲ್ಲ. ನನ್ನ ಮುಖ ನೋಡೋಕೆ ನಿಮಗೆ ಆಗ್ತಿರ್ಲಿಲ್ಲ."

ಅಷ್ಟು ಹೇಳಿ ಇನ್ನೂ ಎರಡು ಚಮಚ ಗಂಜಿ ಕುಡಿದರು.

*

ತೊಲೆ ಬಂತು. ಕಾಳಾಚಾರ್ ಕುರ್ಚಿಯಲ್ಲಿ ಕೂರುವಷ್ಟು ಚೇತರಿಸಿಕೊಂಡಿದ್ದರು. ಪದ್ಮರಾಜ ಡ್ರಿಲ್ಲು ಹಿಡಿದ. ತ್ರಿಶಲಾ ಪಕ್ಕದಲ್ಲಿ ನಿಂತಳು. ಒಂದನೆಯ ತೂತು ಆಯಿತು, ಎರಡನೆಯದೂ ಆಯಿತು. ಮೂರನೆಯದರ ಮೇಲೆ ಇಟ್ಟ ಡ್ರಿಲ್ಲನ್ನು ಅವನು ಮತ್ತೆ ಎತ್ತಿ ಗುರುಗಳ ಕಡೆ ಚಾಚಿದ.

"ಗುರುಗಳೇ, ಇದೊಂದನ್ನ ನೀವೇ ಕೊರೀರಿ."

"ನನ್ನ ಕೈ ತಪ್ಪನ್ನ ಮುಚ್ಚಿದ ಕೈ ಡಾಕ್ಟ್ರೇ. ನಿಮ್ಮದು ಬಿಚ್ಚಿದ ಕೈ. ನೀವೇ ಕೊರೀರಿ."

ಅವನು ಕೊರೆದ. ತೂತು ನೇರವಾಗಿ, ದುಂಡಗೆ ಬಂತು. ತ್ರಿಶಲಾ ಹಿಡಿದುಕೊಂಡಿದ್ದ ಉಸಿರನ್ನು ಬಿಟ್ಟಳು. ಕಾಳಾಚಾರ್ ಕೂತಲ್ಲೇ ಕೈ ಮುಗಿದರು.

*

ಮಾಘದ ಒಂದು ಬೆಳಿಗ್ಗೆ. ಊರಾಚೆಯ ಮೈದಾನ. ಅಷ್ಟರಲ್ಲಿ ನೋಡಬೇಕಾದವರೆಲ್ಲ ವಿಮಾನವನ್ನು ನೋಡಿ ಒಪ್ಪಿದ್ದರು. ಅನುಭವಿ ಪೈಲಟ್ಟೊಬ್ಬರು ಅದನ್ನು ಮೊದಲು ಹಾರಿಸಿದ್ದರು. ಈ ನಡುವೆ ಹಾರಿಸಲು ಕಲಿತು ಲೈಸೆನ್ಸು ಪಡೆದಿದ್ದ ಪದ್ಮರಾಜನೂ ಒಬ್ಬನೇ ಹಾರಿಸಬೇಕಾದಷ್ಟು ಗಂಟೆ ಹಾರಿಸಿದ್ದ. ಈಗ ಪಕ್ಕದ ಸೀಟಿಗೆ ಜನ ಕೂರಬಹುದಿತ್ತು.

ಕಾಳಾಚಾರ್ ಇಸ್ತ್ರಿ ಮಾಡಿದ ಜುಬ್ಬ ಹಾಕಿ, ಕಿವಿಗೆ ಮಫ್ಲರ್ ಸುತ್ತಿಕೊಂಡು ಬಂದರು. ತ್ರಿಶಲಾ ಒಂದು ಕಡೆ, ಪದ್ಮರಾಜ ಒಂದು ಕಡೆ ಹಿಡಿದು ಅವರನ್ನು ಹತ್ತಿಸಿದರು. ಬೆಲ್ಟು ಕಟ್ಟಿದರು. ತ್ರಿಶಲಾ ಅವರ ಕಾಲು ಮುಟ್ಟಿ ನಮಸ್ಕರಿಸಿ ದೂರ ಹೋಗಿ ನಿಂತಳು.

ಪದ್ಮರಾಜ ತನ್ನ ಸೀಟಿನಲ್ಲಿ ಕೂತ. ಎಂಜಿನ್ ಶುರು ಮಾಡುವ ಮುಂಚೆ ಅವರ ಕಡೆ ತಿರುಗಿದ.

"ಗುರುಗಳೇ, ಹೊರಡೋಕೆ ಮೊದಲು ಹೇಳ್ಬಿಡ್ತೀನಿ. ಬಾಲದ ಕೆಳಗೆ ಒಂದು ರಿವೆಟ್ಟಿನ ತಲೆ ಸ್ವಲ್ಪ ಸೊಟ್ಟ ಇದೆ."

"ಹೂಂ."

"ನಿಮ್ಮ ಬಾಗಿಲ ಅಂಚಲ್ಲಿ ಒಂದು ಗೀರು ಬಿದ್ದಿದೆ. ಬಣ್ಣದ ಕೆಳಗೆ ಹೋಗಿಲ್ಲ."

"ಹೂಂ."

"ಬಲ ರೆಕ್ಕೇಲಿ ಎರಡು ಕಡೆ ಬಿಚ್ಚಿ ಮತ್ತೆ ಹೊಡೆದಿದೀನಿ. ಎಡ ರೆಕ್ಕೇಲಿ ಎಲ್ಲಾನೂ. ಬರೆದಿಟ್ಟಿದೀನಿ, ಪುಸ್ತಕ ಸೀಟಿನ ಹಿಂದೆ ಇದೆ."

"ಹೂಂ."

"ಅಷ್ಟೇ ಗುರುಗಳೇ. ಇನ್ನೇನೂ ಇಲ್ಲ."

ಕಾಳಾಚಾರರ ಕಣ್ಣು ತುಂಬಿತ್ತು. ಅವರು ಮುಂದೆ ನೋಡುತ್ತಿದ್ದರು. ಮೈದಾನದ ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಇತ್ತು.

"ಭಯ ಆಗ್ತಿದೆಯಾ ಗುರುಗಳೇ? ಬೇಡ ಅಂದ್ರೆ ಇಳಿಯೋಣ."

ಕಾಳಾಚಾರ್ ಮಫ್ಲರ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು.

"ಇದರೊಳಗಿನ ತಪ್ಪೆಲ್ಲ ನನಗೆ ಗೊತ್ತು ಡಾಕ್ಟ್ರೇ. ಹೊರಡಿ."